ಮಾಲತೇಶಣ್ಣನ ಮೊಸರನ್ನ

ಫಾರೂಕನ ಸಿಟ್ಟು ಮೂಗಿನ ತುದಿಯ ಮೇಲೆ ಕೂರುತ್ತಿರಲಿಲ್ಲ. ಅಷ್ಟು ಸಣ್ಣ ಜಾಗ ಅದಕ್ಕೆ ಸಾಲುತ್ತಿರಲಿಲ್ಲ. ಬೈರಿದೇವರಕೊಪ್ಪದ ಅವನ ಬೈಕ್ ಗ್ಯಾರೇಜಿಗೆ ಬರುವ ಮಂದಿ ಮೊದಲು ರಸ್ತೆಯಲ್ಲೇ ನಿಂತು ಅವನ ಮುಖ ನೋಡಿ, ಇವತ್ತು ಹವಾ ಹೆಂಗಿದೆ ಅಂತ ಅಂದಾಜು ಮಾಡಿ, ಆಮೇಲೆ ಗಾಡಿಯನ್ನು ಒಳಗೆ ತಳ್ಳುತ್ತಿದ್ದರು. ಎಂಟನೇ ಇಯತ್ತೆಯಲ್ಲಿ ಮಾಸ್ತರರ ಜೊತೆ ಜಗಳ ತೆಗೆದು ಸಾಲಿ ಬಿಟ್ಟವನು. ಆದರೆ ಎಂಜಿನ್ನಿನ ಸಪ್ಪಳ ಕೇಳಿಯೇ ಇಂಥದ್ದೇ ರೋಗ ಅಂತ ಹೇಳುವ ಕಿವಿ ಅವನದು. ಅದಕ್ಕೇ ಬೈಸಿಕೊಂಡರೂ ಗಿರಾಕಿ ತಪ್ಪುತ್ತಿರಲಿಲ್ಲ.

ಅಂಥವನು ಒಂದು ಶನಿವಾರ ಮಧ್ಯಾಹ್ನ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹುಬ್ಬಳ್ಳಿಯ ಮಾಲ್ ಒಂದರ ಮೂರನೆಯ ಮಹಡಿಯ ಫುಡ್ ಕೋರ್ಟಿನಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದ. ಕೂಡಿಸಿದ್ದು ಅವನ ತಂಗಿ ನಿಶಾತ.

ನಿಶಾತಳಿಗೆ ಅಲ್ಲಿಯ ತನಕ ಎರಡು ಸಂಬಂಧ ಬಂದಿದ್ದವು. ಎರಡನ್ನೂ ಓಡಿಸಿದ ಕೀರ್ತಿ ಅಣ್ಣನದೇ. ಮೊದಲನೆಯ ಹುಡುಗನ ಕಾಕಾ ಚಾ ಕುಡಿಯುತ್ತ ಕುಡಿಯುತ್ತ, ಹುಡುಗನಿಗೆ ಒಂದು ಬೈಕ್ ಕೊಡಿಸಿದರೆ ಛಲೋ ಆಗುತ್ತದೆ ಅಂದ. ಫಾರೂಕ ಅವನ ತುಟಿಗೆ ಹತ್ತಿದ ಚಾದ ಬಸಿಯನ್ನೇ ಕಸಿದುಕೊಂಡ. ಎರಡನೆಯವನು, ಎಂಟನೇ ಇಯತ್ತೆ ಅಂದರೆ ಸಹಿ ಮಾಡಲಿಕ್ಕಾದರೂ ಬರುತ್ತದೇನು ಅಂತ ನಗೆಯಾಡಿದ. ಅವನು ಬಿಟ್ಟು ಓಡಿದ ಚಪ್ಪಲಿ ಇವತ್ತಿಗೂ ಇವರ ಹಿತ್ತಲಲ್ಲಿ ಬಿದ್ದಿದೆ. ಈಗ ಮೂರನೆಯದನ್ನು ತಂದವಳು ಊರಿಗೆಲ್ಲ ಚಿಕ್ಕವ್ವನಾದ ಮುಸರತ ಖಾಲಾ. ಸಂಬಂಧ ಕೂಡಿಸುವುದರಲ್ಲಿ ಆಕೆಗೆ ಆಕೆಯೇ ಸಾಟಿ. ಹುಡುಗನ ಹೆಸರು ಮೌಲಾಲಿ, ತಾರಿಹಾಳದ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಅಂತ ಫೋಟೋ ಕೊಟ್ಟು ಹೋಗಿದ್ದಳು. ಫೋಟೋ ನೋಡಿದ ನಿಶಾತ ಮೂರು ದಿನ ಕಳೆದರೂ ಬೇಡ ಅನ್ನಲಿಲ್ಲ. ಹಿಂದಿನ ಎರಡಕ್ಕೂ ಬೇಡ ಅಂದರೂ ಮನೆಯವರು ಕೇಳಿರಲಿಲ್ಲ; ಆಕೆ ಬೇಡ ಅನ್ನದೇ ಇದ್ದದ್ದು ಇದೇ ಮೊದಲು. ಮನೆಯಲ್ಲಿ ಎಲ್ಲರಿಗೂ ಅದರ ಅರ್ಥ ಆಯಿತು.

ಮನೆಯ ಯಜಮಾನಿಕೆ ದಾದಿ, ಅಂದರೆ ಅಪ್ಪನ ಅವ್ವ, ರೆಹಮತ್‌ಬಿಯದು. ಆಕೆ ಒಂದು ಕಾನೂನು ಮಾಡಿದಳು. ಶನಿವಾರ ನಾಲ್ಕಕ್ಕೆ ಹುಡುಗನ ಕಡೆಯವರು ಮನೆಗೆ ಬರುವುದು ಸರಿ. ಅದಕ್ಕೂ ಮೊದಲು ಫಾರೂಕ ಗುರುತು ಹೇಳದೆ ಹೋಗಿ, ಹುಡುಗ ಹೇಗೆ ಉಣ್ಣುತ್ತಾನೆ ಅನ್ನುವುದನ್ನು ದೂರದಿಂದ ನೋಡಿ, ಎರಡು ಗಂಟೆಗೆ ಫೋನು ಮಾಡಬೇಕು. ಹೂಂ ಅಂದರೆ ಬರಲಿ, ಇಲ್ಲ ಅಂದರೆ ಬರುವುದು ಬೇಡ ಅಂತ ಹೇಳಿ ಕಳಿಸುವುದು. ಮಾತಿನಲ್ಲಿ ಮನುಷ್ಯ ಅಡಗುತ್ತಾನೆ, ಊಟದಲ್ಲಿ ಸಿಗುತ್ತಾನೆ ಅನ್ನುವುದು ದಾದಿಯ ನಂಬಿಕೆ. ನೀಲಿ ಅಂಗಿ ಹಾಕಿಕೊಂಡು, ಜ್ಯೂಸಿನ ಅಂಗಡಿಯ ಮುಂದಿನ ಕಂಬದ ಹತ್ತಿರ ಒಂದು ಗಂಟೆಗೆ ಉಣ್ಣಲು ಕೂರುವಂತೆ ಮಾಡುವ ಜವಾಬ್ದಾರಿ ಮುಸರತ ಖಾಲಾಳದು.

ಹೊರಡುವಾಗ ನಿಶಾತ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಭಾಯಿ, ಅವ ಸುಳ್ಳು ಹೇಳಾಂವ ಹೌದೋ ಅಲ್ಲೋ, ಅಷ್ಟು ನೋಡಿ ಬಾ. ಉಳಿದದ್ದು ನಾ ನೋಡ್ಕೋತೇನಿ. ಈ ಸಲಾನೂ ನೀ ಜಗಳ ತಗದ್ರ, ಇನ್ನ ಯಾರ ಮುಂದೂ ನಾ ಚಾದ ಟ್ರೇ ಹಿಡಕೊಂಡು ಬರಾಂಗಿಲ್ಲ. ಖರೇನ ಹೇಳಾಕತ್ತೇನಿ."

ಆಕೆ ಖರೇ ಹೇಳುತ್ತಿದ್ದಾಳೆ ಅನ್ನುವುದು ಅವನಿಗೆ ಗೊತ್ತಿತ್ತು. ಹಟದಲ್ಲಿ ಇಬ್ಬರೂ ಒಂದೇ ಹೊಟ್ಟೆಯವರು. ಜಗಳ ತೆಗೆಯುವುದಿಲ್ಲ ಅಂತ ಮಾತು ಕೊಟ್ಟು ಹೊರಟ.

ಹೀಗಾಗಿ ಫಾರೂಕ ಹನ್ನೆರಡೂವರೆಗೇ ಬಂದು ಕೂತಿದ್ದ. ಬಂದಾಗಿನಿಂದ ಒಂದೊಂದನ್ನೇ ನೋಡಿ ಕುದಿಯುತ್ತಿದ್ದ. ಕುರ್ಚಿಯನ್ನು ಮೇಜಿಗೆ ಬೋಲ್ಟು ಹಾಕಿ ಬಿಗಿದಿದ್ದರು, ಯಾರೋ ಹೊತ್ತುಕೊಂಡು ಹೋಗುತ್ತಾರೆ ಅನ್ನುವ ಹಾಗೆ. ಅದರಲ್ಲೂ ಒಂದು ಬೋಲ್ಟು ಸಡಿಲ. ತಡೆಯಲಾರದೆ ಅದನ್ನು ಬೆರಳಲ್ಲೇ ತಿರುವಿ ಬಿಗಿ ಮಾಡಿದ. ಉಣ್ಣುವ ಮನುಷ್ಯನನ್ನು ಇಲ್ಲಿ ಹೆಸರಿನಿಂದ ಕರೆಯುವುದಿಲ್ಲ, ನಂಬರಿನಿಂದ ಕರೆಯುತ್ತಾರೆ. ಗೋಡೆಯ ಮೇಲೆ ಕೆಂಪು ನಂಬರು ಹತ್ತಿದೊಡನೆ ದೊಡ್ಡ ದೊಡ್ಡ ಮಂದಿ ಟ್ರೇ ತರಲು ಓಡುತ್ತಾರೆ. ನಾಲ್ಕು ಕಾಲೇಜು ಹುಡುಗಿಯರು ಬಿಸಿ ನೂಡಲ್ಸು ಮುಂದಿಟ್ಟುಕೊಂಡು ಅದರ ಫೋಟೋ ತೆಗೆಯುತ್ತಿದ್ದರು, ಎಡದಿಂದ, ಬಲದಿಂದ, ಮೇಲಿನಿಂದ. ತೆಗೆದು ಮುಗಿಯುವಷ್ಟರಲ್ಲಿ ಅದು ಆರಿ ಹಗ್ಗವಾಗಿತ್ತು. ಒಬ್ಬ ಅಪ್ಪ ಒಂದೇ ಬರ್ಗರನ್ನು ಮೂರು ಮಕ್ಕಳಿಗೆ ಹಂಚುತ್ತಿದ್ದ. ಹೊಲದ ಬದು ಹಾಕುವವನ ಹಾಗೆ ಪ್ಲಾಸ್ಟಿಕ್ ಚಾಕು ಹಿಡಿದು ಕಣ್ಣಳತೆ ಮಾಡುತ್ತಿದ್ದ, ಮಕ್ಕಳು ಮೂರೂ ಸರ್ವೇಯರುಗಳಂತೆ ಬಗ್ಗಿ ನೋಡುತ್ತಿದ್ದವು. ಫಾರೂಕನಿಗೆ ನಗು ಬಂತು. ಬಂದದ್ದಕ್ಕೆ ಮತ್ತೆ ಸಿಟ್ಟು ಬಂತು.

ಆಚೆ ಮೇಜಿನಲ್ಲಿ ಸುಳ್ಳ ಅನ್ನುವ ಹಳ್ಳಿಯ ಕಡೆಯ ಒಂದು ಕುಟುಂಬ ಕೂತಿತ್ತು. ಮಗಳ ಮದುವೆಯ ಬಟ್ಟೆ ಕೊಳ್ಳಲು ಬಂದವರು ಅನ್ನುವುದು ಚೀಲಗಳಿಂದಲೇ ಗೊತ್ತಾಗುತ್ತಿತ್ತು. ಅವ್ವ ಸೆರಗಿನ ಮರೆಯಿಂದ ಒಂದು ಗಂಟು ತೆಗೆದು ಬಿಚ್ಚಿದಳು. ಜೋಳದ ರೊಟ್ಟಿ, ಶೇಂಗಾದ ಹಿಂಡಿ, ಉಳ್ಳಾಗಡ್ಡಿ. ಆ ಪರದೇಶಿ ವಾಸನೆಗಳ ನಡುವೆ ಶೇಂಗಾದ ಹಿಂಡಿಯ ಘಮ ಎದ್ದು ನಿಂತಿತು. ಎದ್ದದ್ದೇ ತಡ, ಸೆಕ್ಯೂರಿಟಿಯವನು ಬಂದ. ಹೊರಗಿನ ತಿನಿಸು ಇಲ್ಲಿ ತಿನ್ನುವ ಹಾಗಿಲ್ಲ ಅಂತ ಹೇಳಲು ಬಾಯಿ ತೆರೆದಿದ್ದ ಅಷ್ಟೇ. ಆ ತಾಯಿ ತಲೆ ಎತ್ತಿ, "ಬಾರಪಾ ತಮ್ಮಾ, ಉಣ್ಣು ಬಾ. ನಿಂತ ನಿಂತ ಕಾಲು ಸೋತಿರ್ತಾವ," ಅಂದಳು. ತೆರೆದ ಬಾಯಿ ಹಾಗೇ ಉಳಿಯಿತು. ಉಣ್ಣು ಬಾ ಅಂದವರನ್ನು ಏಳಿಸುವ ಕಾಯಿದೆ ಈ ಸೀಮೆಯಲ್ಲಿ ಯಾರ ಹತ್ತಿರವೂ ಇಲ್ಲ. ಅವನು ಆ ಕಡೆ ಈ ಕಡೆ ನೋಡಿ, ಹಿಂಡಿ ಸವರಿದ ಕಾಲು ರೊಟ್ಟಿಯನ್ನು ಟೊಪ್ಪಿಗೆಯ ಮರೆಯಲ್ಲಿ ಹಿಡಿದುಕೊಂಡು ಲಿಫ್ಟಿನ ಹಿಂದೆ ಮಾಯವಾದ.

ಅಷ್ಟರಲ್ಲಿ ನೀಲಿ ಅಂಗಿ ಬಂತು.

ಕಂಬದ ಹತ್ತಿರ ಬಿರಿಯಾನಿಯ ತಾಟು ಇಟ್ಟುಕೊಂಡು ಕೂತ. ಎತ್ತರದ, ಸಪೂರ ಹುಡುಗ. ಕೂದಲಿಗೆ ನೀರು ಹಚ್ಚಿ ಬಾಚಿದ್ದ. ಫಾರೂಕ ಎರಡು ಮೇಜು ಆಚೆಯಿಂದ ಮೊದಲು ನೋಡಿದ್ದು ಮುಖವನ್ನಲ್ಲ, ಕೈಗಳನ್ನು. ಉಗುರಿನ ಸಂದಿಯಲ್ಲಿ ಕಪ್ಪು ಗೆರೆ. ಎಷ್ಟು ಸಾಬೂನು ತಿಕ್ಕಿದರೂ ಹೋಗದ ಗ್ರೀಸಿನ ಗೆರೆ; ಫಾರೂಕನ ಉಗುರಿನಲ್ಲೂ ಅದೇ ಇತ್ತು. ಸೂಪರ್‌ವೈಸರನ ಕೈಯಲ್ಲಿ ಪೆನ್ನಿನ ಕಲೆ ಇರುತ್ತದೆ, ಗ್ರೀಸಿನದ್ದಲ್ಲ. ಅಂದರೆ ಸುಳ್ಳು! ಫಾರೂಕನ ಕಿವಿ ಬಿಸಿಯಾದವು. ಅದು ಸಾಲದು ಅನ್ನುವ ಹಾಗೆ, ಹುಡುಗ ಉಣ್ಣುತ್ತಲೇ ಇರಲಿಲ್ಲ. ಕುತ್ತಿಗೆ ಹೊರಳಿಸಿ ಹೊರಳಿಸಿ ಮಂದಿಯನ್ನು ನೋಡುತ್ತಿದ್ದ. ಕಾಲೇಜು ಹುಡುಗಿಯರ ಮೇಜು ನೋಡಿದ, ಬುರ್ಖಾ ಹಾಕಿದ ಹೆಂಗಸನ್ನು ನೋಡಿದ. ಸುಳ್ಳಿನ ಜೊತೆಗೆ ಚಪಲವೂ ಉಂಟು ಅಂತ ಫಾರೂಕ ಹಲ್ಲು ಕಚ್ಚಿದ. ಈಗಲೇ ಎದ್ದು ಹೋಗಿ ಕೊರಳಪಟ್ಟಿ ಹಿಡಿಯಬೇಕು ಅನ್ನಿಸಿತು. ನಿಶಾತ ಬಾಗಿಲಿಗೆ ಅಡ್ಡ ನಿಂತದ್ದು ನೆನಪಾಗಿ, ಕುರ್ಚಿಯ ಅಂಚನ್ನೇ ಹಿಡಿದುಕೊಂಡು, ಆ ಬಿರಿಯಾನಿಯ ತಾಟನ್ನು ಸುಟ್ಟುಬಿಡುವವನ ಹಾಗೆ ದಿಟ್ಟಿಸಿದ.

ತಪ್ಪಾದದ್ದು ಅಲ್ಲೇ. ಬೇರೆ ಯಾವ ಊರಲ್ಲಾದರೂ ಒಬ್ಬನ ತಾಟನ್ನು ಅಷ್ಟು ಹೊತ್ತು ದಿಟ್ಟಿಸಿದರೆ ಅವನು ತಾಟು ಮರೆ ಮಾಡಿಕೊಳ್ಳುತ್ತಾನೆ, ಇಲ್ಲವೇ ಜಗಳಕ್ಕೆ ಬರುತ್ತಾನೆ. ಹುಬ್ಬಳ್ಳಿಯಲ್ಲಿ?

"ಬರ್ರಿ ಅಣ್ಣಾರ, ಊಟ ಮಾಡೂಣು," ಅಂದ ನೀಲಿ ಅಂಗಿ.

ಬ್ಯಾಡ್ರಿ, ಈಗರ ಉಂಡೇನಿ ಅಂತ ಫಾರೂಕ ಅಂದ. ಮೊದಲ ಸಲ ಹಾಗೆಯೇ ಅನ್ನಬೇಕು. ಒಂದು ತುತ್ತಾದರೂ ತಗೋರಿ ಅಂದ ಹುಡುಗ. ಬೇಡ, ಹೊಟ್ಟೆ ತುಂಬಿದೆ ಅಂದ ಇವನು. ಎರಡನೆಯ ಸಲವೂ ಹಾಗೆಯೇ ಅನ್ನಬೇಕು. ಮೂರನೆಯ ಸಲಕ್ಕೆ ಹುಡುಗ ಎದ್ದೇ ಬಂದ, ಕೈ ಹಿಡಿದ, ಒಬ್ಬನೇ ಕೂತು ಉಣ್ಣಲು ಗಂಟಲಿನಲ್ಲಿ ಇಳಿಯುವುದಿಲ್ಲ ಅಂದ. ಮೂರನೆಯ ಸಲ ಕೈ ಹಿಡಿದ ಮೇಲೆ ಬೇಡ ಅಂದರೆ ಅದು ಬೈದ ಹಾಗೆ. ಬೈಯುವ ಹಾಗಿಲ್ಲವಲ್ಲ, ತಂಗಿಗೆ ಮಾತು ಕೊಟ್ಟಾಗಿದೆ. ಗೂಢಚಾರ ಎದ್ದು ಹೋಗಿ ಕಂಬದ ಹತ್ತಿರ ಕೂತ.

ತಾನು ಮೌಲಾಲಿ ಅಂತ ಹುಡುಗ ಹೇಳಿ, ನಿಮ್ಮ ಹೆಸರೇನು ಅಂತ ಕೇಳಿದ. ಫಾರೂಕ ಗುರುತು ಹೇಳುವ ಹಾಗಿರಲಿಲ್ಲ. ಗ್ಯಾರೇಜಿನ ಪಕ್ಕದಲ್ಲಿ ಚಾದ ಅಂಗಡಿ ಇಟ್ಟವನ ಹೆಸರು ನಾಲಿಗೆಗೆ ಬಂತು.

"ಮಾಲತೇಶ," ಅಂದ.

ಮೌಲಾಲಿ ತಾಟು ಮುಂದೆ ತಳ್ಳುತ್ತಿದ್ದವನು ಗಕ್ಕನೆ ಹಿಂದಕ್ಕೆ ಎಳೆದುಕೊಂಡ. ಮುಖದಲ್ಲಿ ಏನೋ ಘೋರ ತಪ್ಪು ಮಾಡಿದ ಕಳೆ. ಇವತ್ತು ಶನಿವಾರ, ಹನುಮಪ್ಪನ ವಾರ, ನೋಡದೆ ಕೋಳಿಯ ತಾಟಿಗೆ ಕರೆದುಬಿಟ್ಟೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಅಂತ ಎರಡೆರಡು ಸಲ ಹೇಳಿದ. ಫಾರೂಕ ಏನಾದರೂ ಅನ್ನುವುದರೊಳಗೆ ಓಡಿ ಹೋದ. ದಕ್ಷಿಣದ ತಿಂಡಿಯ ಕೌಂಟರಿನಲ್ಲಿ ನಿಂತು, ಬೇರೆ ಚಮಚ, ಬೇರೆ ಟ್ರೇ, ಎಲ್ಲಾ ಬೇರೆ ಕೇಳಿ ಇಸಿದುಕೊಂಡು, ಒಂದು ದೊಡ್ಡ ಬಟ್ಟಲು ಮೊಸರನ್ನ ತಂದು ಅವನ ಮುಂದಿಟ್ಟ.

ಜಗತ್ತಿನಲ್ಲಿ ಫಾರೂಕ ದ್ವೇಷಿಸುವ ವಸ್ತುಗಳ ಪಟ್ಟಿಯಲ್ಲಿ ಮೊಸರನ್ನಕ್ಕೆ ಬಹಳ ಮೇಲಿನ ಜಾಗವಿತ್ತು. ಸಣ್ಣವನಿದ್ದಾಗ ಕಾಮಾಲೆ ಆಗಿ ಒಂದು ತಿಂಗಳು ಅದನ್ನೇ ಉಂಡಿದ್ದ. ಈಗ ಮೂಗಿನ ಕೆಳಗೆ ಮೊಸರನ್ನ, ಗೇಣು ದೂರದಲ್ಲಿ ಲೆಗ್ ಪೀಸು. ಉಣ್ರಿ ಮಾಲತೇಶಣ್ಣ ಅಂತ ಮೌಲಾಲಿ ಅಕ್ಕರೆಯಿಂದ ನೋಡುತ್ತಿದ್ದ. ಮಾಲತೇಶಣ್ಣ ಉಂಡ.

ಎರಡು ಚಮಚ ಇಳಿದ ಮೇಲೆ ಮೌಲಾಲಿ ದನಿ ತಗ್ಗಿಸಿದ.

"ಅಣ್ಣಾರ, ಒಂದು ಉಪಕಾರ ಮಾಡ್ತೀರೇನು? ಇಲ್ಲೆ ಒಬ್ಬಾಂವ ಕುಂತು ನನ್ನ ನೋಡಾಕತ್ತಾನ. ಅವ ಯಾರು ಅಂತ ನೀವಷ್ಟು ಹುಡುಕಿ ಕೊಡ್ರಿ."

ಫಾರೂಕ ಮುಖ ತಗ್ಗಿಸಿ ಮೊಸರನ್ನದಲ್ಲಿ ಕರಿಬೇವು ಹುಡುಕತೊಡಗಿದ.

ವಿಷಯ ಏನೆಂದರೆ, ಯಾರಿಗೂ ಹೇಳಬೇಡ ಅಂದದ್ದನ್ನು ಮೊದಲು ಹೇಳುವುದೇ ಮುಸರತ ಖಾಲಾಳ ಪದ್ಧತಿ. ಹುಡುಗಿಯ ಕಡೆಯವರು ಒಬ್ಬರು ಗುಟ್ಟಾಗಿ ನೋಡಲು ಬರುತ್ತಾರೆ, ನೀನು ಚೆಂದಾಗಿ ಉಣ್ಣು ಅಂತ ಮೌಲಾಲಿಗೂ ಹೇಳಿದ್ದಳು. ಮೊದಲು ನಿಮ್ಮ ಮೇಲೇ ಸಂಶಯ ಬಂದಿತ್ತು ಅಂತ ಅವನು ನಕ್ಕ. ಹೆಸರು ಕೇಳಿದ ಮೇಲೆ ಸಮಾಧಾನ ಆಯಿತಂತೆ. ಹುಡುಕಿ ಏನು ಮಾಡುತ್ತೀ ಅಂತ ಫಾರೂಕ ಕೇಳಿದ. ಅವನ ಕೈ ಮೇಜಿನ ಕೆಳಗೆ ಮುಷ್ಟಿಯಾಗಿತ್ತು.

"ನಾ ಸೂಪರ್‌ವೈಸರ್ ಅಲ್ರಿ. ಲೇಥ್ ಮಷೀನ್ ನಡಸಾಂವ. ಎಂಟು ತಾಸು ಕಬ್ಬಿಣ ಕೆತ್ತತೇನಿ. ಸಾಲಿ ಹತ್ತನೇತ್ತೆಗೇ ಮುಗೀತು. ಖಾಲಾ ತನ್ನ ಬಾಯಿಗೆ ಬಂದದ್ದು ಹೇಳ್ಯಾಳ. ನಾಕಕ್ಕ ಅವರ ಮನ್ಯಾಗ ಎಲ್ಲಾರ ಮುಂದ ಹೇಳಿದ್ರ ಆ ಹುಡುಗಿ ಮಾನ ಹೋಗ್ತೈತಿ. ಅದಕ್ಕ ಅದರಕಿಂತ ಮೊದಲಽ ನೋಡಾಕ ಬಂದವರ ಕಿವ್ಯಾಗ ಹಾಕಿಬಿಡ್ತೇನಿ. ಒಪ್ಪಿದ್ರ ಒಪ್ಪಲಿ."

ಖಾಲಾಗೆ ಈ ಮಾತು ಹೇಳಿ ನೋಡಿದ್ದನಂತೆ. ಆಕೆ, ಸುಮ್ಮನಿರು ಹುಚ್ಚಾ, ನಿಕಾಹ್ ಆದ ಮೇಲೆ ಹೆಂಡತಿಯ ಮುಂದೆ ಸೂಪರ್‌ವೈಸರೂ ಹೆಲ್ಪರೇ ಅಂದಳಂತೆ.

ಫಾರೂಕನ ಮುಷ್ಟಿ ಬಿಚ್ಚಿತು. ಬಿಚ್ಚಿದ ಕೈಯನ್ನು ಏನು ಮಾಡಬೇಕೋ ತಿಳಿಯದೆ ಇನ್ನೊಂದು ಚಮಚ ಮೊಸರನ್ನ ಉಂಡ. ಸಿಟ್ಟು ಬಂದಿತ್ತು, ಆದರೆ ಯಾರ ಮೇಲೆ ಬರಬೇಕು ಅನ್ನುವುದೇ ಗೊತ್ತಾಗುತ್ತಿರಲಿಲ್ಲ. ಹುಡುಗನ ಮೇಲೆ ಬರುತ್ತಿಲ್ಲ. ಖಾಲಾಳ ಮೇಲೆ ಬಂದರೂ ಆಕೆ ಕೈಗೆ ಸಿಗುವಳಲ್ಲ. ಕಡೆಗೆ ಅದು ತಿರುಗಿ ಮಾಲತೇಶಣ್ಣ ಅನ್ನುವವನ ಮೇಲೇ ಬಂತು. ಸುಳ್ಳು ಹಿಡಿಯಲು ಬಂದ ಮೇಜಿನಲ್ಲಿ ಸುಳ್ಳುಗಾರ ಒಬ್ಬನೇ ಇದ್ದ, ಅವನು ಮೊಸರನ್ನ ಉಣ್ಣುತ್ತಿದ್ದ.

ಹಾಗಂತ ಬಾಯಿ ಬಿಡುವ ಧೈರ್ಯವಾಗಲಿಲ್ಲ. ಇಬ್ಬರೂ ಸೇರಿ ಆ ಗೂಢಚಾರನನ್ನು ಹುಡುಕತೊಡಗಿದರು. ಬುರ್ಖಾದ ಹೆಂಗಸು ಈ ಕಡೆ ಮೊಬೈಲು ಹಿಡಿದಾಗ ಮೌಲಾಲಿ ಬೆನ್ನು ನೆಟ್ಟಗೆ ಮಾಡಿ, ಮಗ್ಗುಲಿನವರಿಗೂ ಕೇಳುವ ಹಾಗೆ ಬಿಸ್ಮಿಲ್ಲಾ ಅಂದು ಒಂದು ತುತ್ತು ಉಂಡ. ಆಕೆ ತನ್ನ ಮಗನ ಹಲ್ಲು ಬಿದ್ದ ಬಾಯಿಯ ಫೋಟೋ ತೆಗೆದುಕೊಂಡು ಎದ್ದು ಹೋದಳು. ಬರ್ಗರ್ ಹಂಚಿದ ಅಪ್ಪನ ಮೇಲೆ ಸಂಶಯ ಬಂತು. ಮೂರು ಮಕ್ಕಳನ್ನು ಕಟ್ಟಿಕೊಂಡು ಯಾವ ಗೂಢಚಾರ ಬರುತ್ತಾನೆ ಅಂತ ಫಾರೂಕನೇ ತಳ್ಳಿ ಹಾಕಿದ. ಅವನಿಗೆ ಅರಿವಿಲ್ಲದೆ ಆಟದ ರುಚಿ ಹತ್ತಿತ್ತು. ಅಷ್ಟರಲ್ಲಿ ಮೌಲಾಲಿಯ ಕಣ್ಣು ಮೂಲೆಯ ಒಬ್ಬ ಅಜ್ಜನ ಮೇಲೆ ನಿಂತಿತು. ಕರಿ ಟೊಪ್ಪಿಗೆ, ದಪ್ಪ ಕನ್ನಡಕ, ಆರಿದ ಕಾಫಿ. ಪೇಪರಿನ ಮೇಲಿನಿಂದ ಇತ್ತಲೇ ನೋಡುತ್ತಿದ್ದ.

ಅವರೇ ಅಂದ ಮೌಲಾಲಿ. ಅವರಲ್ಲ ಅಂದ ಫಾರೂಕ. ನಿಮಗೆ ಹೇಗೆ ಗೊತ್ತು ಅಂದ. ಫಾರೂಕ ಇನ್ನೊಂದು ಚಮಚ ಬಾಯಿಗೆ ಹಾಕಿಕೊಂಡ. ಹುಡುಗ ಕೈ ತೊಳೆದು, ಅಂಗಿ ಜಗ್ಗಿ ಸರಿ ಮಾಡಿಕೊಂಡು, ಅಜ್ಜನ ಎದುರು ಹೋಗಿ ನಿಂತ. ತಾನು ಸೂಪರ್‌ವೈಸರ್ ಅಲ್ಲವೆಂದೂ, ಲೇಥ್ ನಡೆಸುವವನೆಂದೂ, ಕೈ ಮಾತ್ರ ಪ್ರಾಮಾಣಿಕವೆಂದೂ, ಬೇಕಾದರೆ ಒಪ್ಪಿಕೊಳ್ಳಿ ಬೇಡವಾದರೆ ಬಿಡಿ ಎಂದೂ ಒಂದೇ ಉಸಿರಿಗೆ ಹೇಳಿ ಮುಗಿಸಿದ. ಅಜ್ಜ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ಇಷ್ಟು ಖರೇ ಮಾತಾಡುವ ಮಿಸ್ತ್ರಿಯನ್ನು ಈ ವಯಸ್ಸಿನಲ್ಲಿ ಇದೇ ಮೊದಲು ಕಂಡದ್ದು ಅಂದ. ತನ್ನ ಮನೆಯ ಮಿಕ್ಸರ್ ಒಂದು ವಾರದಿಂದ ತಿರುಗುತ್ತಿಲ್ಲ, ಎಷ್ಟೊತ್ತಿಗೆ ಬರುತ್ತೀ ಅಂತ ಕೇಳಿದ.

ಮೌಲಾಲಿ ತಲೆ ತಗ್ಗಿಸಿಕೊಂಡು ಮರಳಿ ಬಂದು ಕೂತ. ಮುಖ ಸಣ್ಣದಾಗಿತ್ತು. ಎರಡು ಗಂಟೆಗೆ ಹತ್ತು ನಿಮಿಷ ಉಳಿದಿತ್ತು. ನೋಡಲು ಬಂದವರು ಸಿಗಲಿಲ್ಲ, ಇನ್ನು ಆ ಮನೆಗೆ ಹೋಗುವುದೇ ಇಲ್ಲ, ಸುಳ್ಳಿನ ಮೇಲೆ ಸಂಬಂಧ ಗಟ್ಟಿ ಮಾಡುವ ಶರಬತ್ತು ಕುಡಿಯಲು ತನ್ನಿಂದ ಆಗುವುದಿಲ್ಲ ಅಂದ. ಹೇಳಿ ತಾಟು ದೂರ ಸರಿಸಿದ.

ಫಾರೂಕ ಆ ತಾಟನ್ನು ನೋಡಿದ. ಲೆಗ್ ಪೀಸು ಹಾಗೇ ಇತ್ತು. ಈಗ ಎದ್ದು ಹೋದರೆ ಮಾಲತೇಶ ಆಗಿಯೇ ಹೋಗಬಹುದು. ದಾದಿಗೆ ಹೂಂ ಅಂದರೂ ಹುಡುಗ ಬರುವುದಿಲ್ಲ. ಇಲ್ಲ ಅಂದರಂತೂ ಮುಗಿದೇ ಹೋಯಿತು. ಹಿತ್ತಲಲ್ಲಿ ಬಿದ್ದಿದ್ದ ಆ ಚಪ್ಪಲಿ ಕಣ್ಣ ಮುಂದೆ ಬಂತು. ಅವನು ಚಮಚ ಕೆಳಗಿಟ್ಟ. ತಾಟನ್ನು ತನ್ನ ಕಡೆ ಎಳೆದುಕೊಂಡ. ಲೆಗ್ ಪೀಸು ಎತ್ತಿ ಕಚ್ಚಿದ.

ಮೌಲಾಲಿ ಗಾಬರಿಯಾಗಿ ಅವನ ಕೈ ಹಿಡಿದ. "ಅಣ್ಣಾರ, ಶನಿವಾರ ಐತಿ."

"ಮಾಲತೇಶಗ ಶನಿವಾರ," ಅಂದ ಅವನು, ಬಾಯಿ ತುಂಬ ಇಟ್ಟುಕೊಂಡೇ. "ನನ್ನ ಹೆಸರು ಫಾರೂಕ. ನಿಶಾತನ ಅಣ್ಣ ನಾ."

ಮೌಲಾಲಿ ಹಿಡಿದ ಕೈ ಬಿಟ್ಟ. ಅವನ ಕಿವಿಗಳು ಕೆಂಪಾದವು. ಸಿಟ್ಟಿನ ಗುರುತು ಫಾರೂಕನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬೈಯಲಿ ಅಂತ ಕಾದು ಕೂತ. ಬೈಸಿಕೊಳ್ಳಲು ಕಾಯುವುದು ಅವನ ಜೀವಮಾನದಲ್ಲಿ ಹೊಸದು.

"ನನ್ನ ಸುಳ್ಳು ಖಾಲಾ ಹೇಳಿದ್ದು," ಅಂದ ಮೌಲಾಲಿ ಕಡೆಗೆ. "ನಿಮ್ಮದು ನೀವಽ ಹೇಳಿದ್ದು. ಎರಡೂ ನಿಮ್ಮ ಮನ್ಯಾಗ ಹೇಳ್ರಿ. ಒಂದನ್ನ ಹೇಳಿ ಒಂದನ್ನ ಮುಚ್ಚಿಟ್ರ ನಾ ಬರಾಂಗಿಲ್ಲ."

ಸರಿಯಾಗಿ ಎರಡಕ್ಕೆ ಫಾರೂಕ ಅವನ ಎದುರಿಗೇ ಫೋನು ಹಚ್ಚಿದ. ದಾದಿಗೆ ಫೋನಿನ ಮೇಲೆ ನಂಬಿಕೆ ಕಡಿಮೆ. ಬೈರಿದೇವರಕೊಪ್ಪದಿಂದ ನೇರ ಕೇಳಿಸುವಂತೆ ಒದರುತ್ತಾಳೆ. ಹುಡುಗ ಹೇಗೆ ಉಂಡ ಅಂತ ಆಕೆ ಕೇಳಿದ್ದು ಕಾಲೇಜು ಹುಡುಗಿಯರಿಗೂ ಕೇಳಿಸಿತು.

"ಅವ ಇನ್ನೂ ಉಂಡಿಲ್ಲ ದಾದಿ," ಅಂದ ಫಾರೂಕ. "ಬಂದಾಗಿಂದ ಮಂದಿಗೆ ಉಣಸಾಕತ್ತಾನ."

ದಾದಿಗೆ ಅಷ್ಟು ಸಾಕಾಯಿತು. ಫೋನು ನಿಶಾತಳ ಕೈಗೆ ಹೋಯಿತು. ಅವನು ಮೊದಲು ಲೇಥ್ ಮಷೀನಿನ ಸುದ್ದಿ ಹೇಳಿದ, ಹತ್ತನೇ ಇಯತ್ತೆಯ ಸುದ್ದಿ ಹೇಳಿದ. ಇದನ್ನೆಲ್ಲ ಯಾರು ಹೇಳಿದರು ಅಂತ ಆಕೆ ಕೇಳಿದಳು. ಹುಡುಗನೇ ಹೇಳಿದ ಅಂದ ಫಾರೂಕ. ಆಮೇಲೆ ಕಂಬದ ಕಡೆ ಮುಖ ತಿರುಗಿಸಿ, ಸುಳ್ಳು ಹೇಳಿದವನು ತಾನು ಅನ್ನುವುದನ್ನು ಹೇಳಿದ. ಮಾಲತೇಶ ಬಂದ, ಶನಿವಾರ ಬಂತು, ಮೊಸರನ್ನ ಬಂತು.

ಮೊಸರನ್ನದ ಹತ್ತಿರ ಬರುವಷ್ಟರಲ್ಲಿ ಆ ಕಡೆಯಿಂದ ಏನೂ ಕೇಳಿಸಲಿಲ್ಲ. ಫೋನು ಕಟ್ಟಾಯಿತೇನೋ ಅಂತ ನೋಡಿದ. ಕಟ್ಟಾಗಿರಲಿಲ್ಲ. ಆಕೆಗೆ ನಗು ತಡೆಯಲಾಗದೆ ಉಸಿರು ಸಿಕ್ಕಿತ್ತು.

"ನೀ ಮೊಸರನ್ನ ಉಂಡಿ? ಒಂದು ತಾಸು ಒಬ್ಬರಿಗೂ ಬೈದಿಲ್ಲ?" ಅಂದಳು. "ಭಾಯಿ, ನಿನ್ನ ಒಂದು ತಾಸು ಹಂಗ ಕುಂದರಿಸಿದಾಂವ ಲೇಥ್ ನಡಸಲಿ, ರೊಟ್ಟಿ ಬಡೀಲಿ. ನಾಕಕ್ಕ ಬಾ ಅನ್ನು."

ಫೋನು ಕಿಸೆಗೆ ಹಾಕಿಕೊಂಡು ತಿರುಗಿದರೆ ಮೌಲಾಲಿ ಉಸಿರು ಬಿಗಿ ಹಿಡಿದು ನಿಂತಿದ್ದ. ಫಾರೂಕ ಹೇಳಲು ಬಾಯಿ ತೆರೆಯುವುದರೊಳಗೆ ಆ ಕರಿ ಟೊಪ್ಪಿಗೆಯ ಅಜ್ಜ ಕೋಲು ಊರಿಕೊಂಡು ಬಂದೇ ಬಿಟ್ಟ. ಎಲ್ಲಾ ಸರಿ, ಮಿಕ್ಸರಿನ ಮಾತು ಏನಾಯಿತು, ಇವತ್ತು ಸಂಜೆಗೇ ಬರುತ್ತೀಯಾ ಅಂತ ಮೌಲಾಲಿಯ ತೋಳು ಹಿಡಿದ.

ಫಾರೂಕ ಅಜ್ಜನ ಕೈಯನ್ನು ಮೆಲ್ಲಗೆ ಬಿಡಿಸಿ ತನ್ನ ಕೈಯೊಳಗೆ ಹಿಡಿದುಕೊಂಡ. ಇನ್ನೊಂದು ಕೈಯಿಂದ ಬಟ್ಟಲಿನ ತಳದ ಮೊಸರನ್ನವನ್ನು ಬಳಿದು ಬಾಯಿಗೆ ಹಾಕಿಕೊಂಡ. ತಾಟಿನಲ್ಲಿ ಅನ್ನ ಬಿಟ್ಟು ಏಳುವುದು ರೆಹಮತ್‌ಬಿಯ ಮನೆಯಲ್ಲಿ ನಡೆಯುವುದಿಲ್ಲ.

"ಮಿಕ್ಸರ್ ನಾ ನೋಡ್ತೇನಿ ಬರ್ರಿ ಅಜ್ಜಾರ," ಅಂದ. "ಅವಗ ನಾಕಕ್ಕ ನಮ್ಮ ಮನ್ಯಾಗ ಕೆಲಸ ಐತಿ."